ಚಿಲ್ಲರೆಯ ಬಿಲ್ಲೆಗಳು: ಅಮೆರಿಕದ ಅಂತರ್ಯುದ್ಧ ಕಾಲದ ವ್ಯಾಪಾರಿ ಟೋಕನ್‌ಗಳ ಸಂಗ್ರಹ ಮತ್ತು ಸೂಚೀಕರಣ – ಒಂದು ಜಾನಪದೀಯ ವಿಮರ್ಶೆ

1. ಪ್ರವೇಶ

ಕನ್ನಡದಲ್ಲಿ ‘ನಾಣ್ಯ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಪ್ರಭುತ್ವದ ಮುದ್ರೆ ಬಿದ್ದ ಲೋಹದ ತುಂಡು ಎಂಬುದು ಒಂದು. ಗುಣಮಟ್ಟ, ಸಾಚಾತನ ಎಂಬುದು ಇನ್ನೊಂದು. ‘ನಾಣ್ಯವಾದ ಸರಕು’ ಎಂದಾಗ ನಾವು ಎರಡನೆಯ ಅರ್ಥವನ್ನೇ ಬಳಸುತ್ತೇವೆ. ಮುದ್ರೆಯಿಲ್ಲದ, ಆದರೆ ನಾಣ್ಯದಂತೆಯೇ ದುಂಡಗಿರುವ ತುಂಡಿಗೆ ‘ಬಿಲ್ಲೆ’ ಎಂಬ ಬೇರೆಯೇ ಮಾತಿದೆ. ಸಾಮಾನ್ಯ ದಿನಗಳಲ್ಲಿ ಈ ಎರಡರ ನಡುವಿನ ಗಡಿ ಸ್ಪಷ್ಟವಾಗಿರುತ್ತದೆ. ಯುದ್ಧದ ದಿನಗಳಲ್ಲಿ ನಾಣ್ಯಗಳು ಪೆಟ್ಟಿಗೆ ಸೇರಿ ಅಂಗಡಿಯ ಗಲ್ಲ ಬರಿದಾದಾಗ ಈ ಗಡಿ ಅಳಿಸಿಹೋಗುತ್ತದೆ. ಕಟುಕ, ಕ್ಷೌರಿಕ, ದಿನಸಿ ಅಂಗಡಿಯವ, ಸಾರಾಯಿ ಅಂಗಡಿಯವ ತಮ್ಮ ಹೆಸರಿನಲ್ಲಿಯೇ ಬಿಲ್ಲೆ ಹೊಡೆಸುತ್ತಾರೆ. ಜನ ಅದನ್ನು ನಾಣ್ಯವೆಂದೇ ನಡೆಸುತ್ತಾರೆ. ಕಾನೂನಿನ ಬಲವಿಲ್ಲದ ಲೋಹದ ತುಂಡೊಂದು ಕೈಯಿಂದ ಕೈಗೆ ದಾಟಬೇಕಾದರೆ ಅದರ ಹಿಂದೆ ಒಂದು ಸಮುದಾಯದ ಒಪ್ಪಿಗೆ ಇರಲೇಬೇಕು. ಆ ಒಪ್ಪಿಗೆಯ ಸ್ವರೂಪ ಏನು ಎಂಬುದು ಜಾನಪದ ಅಧ್ಯಯನದ ಪ್ರಶ್ನೆ.

ಈ ಬಗೆಯ ಬಿಲ್ಲೆಗಳು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಸಂದರ್ಭಗಳಲ್ಲಿ ಅಮೆರಿಕದ ಅಂತರ್ಯುದ್ಧ (1861–65) ಒಂದು. ಅವುಗಳ ಸಂಗ್ರಹ ಆ ಯುದ್ಧ ಮುಗಿಯುವ ಮೊದಲೇ ಆರಂಭವಾಯಿತು; ಸೂಚೀಕರಣ ನೂರು ವರ್ಷಗಳಿಂದ ನಡೆದಿದೆ. ಹೀಗೆ ರೂಪುಗೊಂಡ ಸಂಗ್ರಹ ಮತ್ತು ಸೂಚಿಗಳು ಏನನ್ನು ಉಳಿಸಿಕೊಟ್ಟಿವೆ, ಏನನ್ನು ಮರೆಮಾಡಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾಣ್ಯಶಾಸ್ತ್ರದ ಸಾಧನೆಯನ್ನು ಅಲ್ಲಗಳೆಯುವುದು ಇಲ್ಲಿನ ಆಶಯವಲ್ಲ. ಜಾನಪದ ವಸ್ತುಗಳನ್ನು ಸಂಗ್ರಹಿಸುವ ನಮ್ಮ ಪದ್ಧತಿಗೂ ಅನ್ವಯವಾಗುವ ಒಂದು ತೊಡಕು ಅಲ್ಲಿ ಬಹು ನಿಚ್ಚಳವಾಗಿ ಕಾಣುತ್ತದೆ ಎಂಬುದೇ ಈ ವಿಮರ್ಶೆಗೆ ಕಾರಣ.

2. ಚಿಲ್ಲರೆ ಕಾಣೆಯಾದ ಬಗೆ

1861ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳು ಕಾಗದದ ಹಣಕ್ಕೆ ಪ್ರತಿಯಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿದವು. 1862ರ ಫೆಬ್ರವರಿಯಲ್ಲಿ ಒಕ್ಕೂಟ ಸರ್ಕಾರ ಹಸಿರು ಬೆನ್ನಿನ ಕಾಗದದ ಡಾಲರನ್ನು ಶಾಸನಬದ್ಧ ಹಣವೆಂದು ಘೋಷಿಸಿತು. ಕಾಗದದ ಬೆಲೆ ಇಳಿದಂತೆ ಚಿನ್ನವೂ ಬೆಳ್ಳಿಯೂ ಚಲಾವಣೆಯಿಂದ ಮರೆಯಾದವು. 1862ರ ಮಧ್ಯಭಾಗದ ಹೊತ್ತಿಗೆ ಒಂದು ಸೆಂಟಿನ ನಾಣ್ಯವೂ ಸಿಗದಂತಾಯಿತು. ಆಗಿನ ಸೆಂಟು ಶೇ. 88 ತಾಮ್ರ, ಶೇ. 12 ನಿಕ್ಕಲ್ ಬೆರೆತ, 4.67 ಗ್ರಾಂ ತೂಕದ ದಪ್ಪ ತುಂಡು. ಬೆಳ್ಳಿಯ ಚಿಲ್ಲರೆ ಮಾಯವಾದ ಮೇಲೆ ಇದನ್ನೂ ಜನ ಕೂಡಿಡತೊಡಗಿದರು. ಗಂಟು ಕಟ್ಟಿ ಮುಖಬೆಲೆಗಿಂತ ತುಸು ಹೆಚ್ಚು ದರಕ್ಕೆ ಮಾರತೊಡಗಿದರು.

1862ರ ಜುಲೈ 17ರ ಕಾಯಿದೆಯು ಅಂಚೆಚೀಟಿಗಳನ್ನೇ ಹಣದಂತೆ ಬಳಸಲು ಅವಕಾಶ ಕೊಟ್ಟಿತು. ಅಂಟಿನ ಚೀಟಿಗಳು ಬೆವರುಗೈಗೆ ಅಂಟಿಕೊಂಡು ಹಾಳಾಗುತ್ತಿದ್ದವು. ಜಾನ್ ಗಾಲ್ಟ್ ಎಂಬಾತ ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಹಕ್ಕುಪತ್ರ ಪಡೆದ: ಹಿತ್ತಾಳೆಯ ಬಿಲ್ಲೆಯೊಳಗೆ ಅಂಚೆಚೀಟಿ, ಅದರ ಮೇಲೆ ಅಭ್ರಕದ ಹಾಳೆ, ಬೆನ್ನಿನ ಮೇಲೆ ಔಷಧಿ ವ್ಯಾಪಾರಿಯ ಅಥವಾ ಜವಳಿ ಅಂಗಡಿಯ ಜಾಹೀರಾತು. ಅದೇ ಆಗಸ್ಟ್‌ನಲ್ಲಿ ಸರ್ಕಾರವು ಅಂಚೆಚೀಟಿಯ ಚಿತ್ರವಿದ್ದ ಕಾಗದದ ಚಿಲ್ಲರೆಯನ್ನು ಹೊರಡಿಸಿತು. ಆದರೆ ಇದರ ಅತಿ ಸಣ್ಣ ಮೌಲ್ಯ 5 ಸೆಂಟು. ಮುಂದೆ 3 ಸೆಂಟಿನದು ಬಂದರೂ 1 ಸೆಂಟಿನ ಕಾಗದ ಬರಲೇ ಇಲ್ಲ. ಒಂದು ಲೋಟ ಬಿಯರ್, ಒಂದು ತುಂಡು ಬ್ರೆಡ್ಡು, ಒಂದು ದಿನಪತ್ರಿಕೆಗಳ ಲೋಕದಲ್ಲಿ ಈ ಕೊರತೆ ಸಣ್ಣದಲ್ಲ. ದೊಡ್ಡ ವ್ಯವಹಾರಕ್ಕೆ ಕಾಗದವಿತ್ತು; ಬಡವನ ವ್ಯವಹಾರಕ್ಕೆ ಏನೂ ಇರಲಿಲ್ಲ.

ಈ ತೆರವನ್ನು ತುಂಬಿದ್ದು ವ್ಯಾಪಾರಿ ಬಿಲ್ಲೆ. 1862ರ ಶರತ್ಕಾಲದಲ್ಲಿ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಆರಂಭವಾದ ಈ ಪದ್ಧತಿ 1863ರಲ್ಲಿ ನ್ಯೂಯಾರ್ಕ್ ಮತ್ತು ಇತರ ನಗರಗಳಿಗೆ ಹಬ್ಬಿತು. ಸಿನ್ಸಿನಾಟಿಯ ಜಾನ್ ಸ್ಟಾಂಟನ್, ವಿಲಿಯಂ ಲ್ಯಾನ್‌ಫಿಯರ್, ನ್ಯೂಯಾರ್ಕಿನ ಎಮಿಲ್ ಸೀಗಲ್ ಮೊದಲಾದ ಅಚ್ಚುಗಾರರು, ಕನೆಕ್ಟಿಕಟ್‌ನ ವಾಟರ್‌ಬರಿಯ ಸ್ಕೋವಿಲ್ ಕಾರ್ಖಾನೆಯವರು ಇವನ್ನು ಹೊಡೆದುಕೊಟ್ಟರು. ಸುಮಾರು 19 ಮಿಲಿಮೀಟರು ಅಗಲದ, ಸರ್ಕಾರಿ ಸೆಂಟಿಗಿಂತ ತೆಳುವಾದ ತಾಮ್ರದ ತುಂಡು. ತಯಾರಿಕೆಯ ಖರ್ಚು ಒಂದು ಸೆಂಟಿಗಿಂತ ಕಡಿಮೆ. ವ್ಯಾಪಾರಿಗೆ ಚಿಲ್ಲರೆಯೂ ಆಯಿತು, ಪ್ರಚಾರವೂ ಆಯಿತು, ಸ್ವಲ್ಪ ಲಾಭವೂ ಆಯಿತು. ಸಾವಿರಕ್ಕೂ ಹೆಚ್ಚು ವ್ಯಾಪಾರಿಗಳು ಇದರಲ್ಲಿ ತೊಡಗಿದರು. ಒಟ್ಟು ಸುಮಾರು 2.5 ಕೋಟಿ ಬಿಲ್ಲೆಗಳು ಹೊರಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಇವು ಬಹುಮಟ್ಟಿಗೆ ಉತ್ತರದ ರಾಜ್ಯಗಳವು.

1864ರ ಏಪ್ರಿಲ್ 22ರ ಕಾಯಿದೆ ಒಂದೇ ಏಟಿಗೆ ಎರಡು ಕೆಲಸ ಮಾಡಿತು: 3.11 ಗ್ರಾಂ ತೂಕದ ತೆಳು ಕಂಚಿನ ಸೆಂಟನ್ನು ಜಾರಿಗೆ ತಂದಿತು. ಒಂದು ಮತ್ತು ಎರಡು ಸೆಂಟಿನ ಖಾಸಗಿ ಬಿಲ್ಲೆಗಳನ್ನು ನಿಷೇಧಿಸಿತು. ಜೂನ್ 8ರ ಕಾಯಿದೆ ಎಲ್ಲ ಖಾಸಗಿ ನಾಣ್ಯಗಳಿಗೂ ಇದನ್ನು ವಿಸ್ತರಿಸಿತು. ಲೋಹದ ಬೆಲೆ ಮುಖಬೆಲೆಗೆ ಸಮನಾಗಿರಬೇಕಿಲ್ಲ, ತೆಳುವಾದ ತುಂಡನ್ನೂ ಜನ ಒಪ್ಪುತ್ತಾರೆ ಎಂಬುದನ್ನು ಟಂಕಸಾಲೆಗೆ ಮೊದಲು ತೋರಿಸಿಕೊಟ್ಟದ್ದು ಅಂಗಡಿಯವರ ಬಿಲ್ಲೆಯೇ. ಪ್ರಭುತ್ವವು ಜನರ ಉಪಾಯವನ್ನು ಸ್ವೀಕರಿಸಿ, ಅದೇ ಕಾಯಿದೆಯಲ್ಲಿ ಜನರಿಗೆ ಆ ಉಪಾಯವನ್ನು ಅಪರಾಧವಾಗಿಸಿತು. ಜಾನಪದದ ಇತಿಹಾಸದಲ್ಲಿ ಇಂಥ ನಿದರ್ಶನಗಳು ಅಪರೂಪವಲ್ಲ.

3. ಸೂಚಿಯ ಸಾಧನೆ

ಈ ಬಿಲ್ಲೆಗಳ ಮೊದಲ ವ್ಯವಸ್ಥಿತ ಸೂಚಿಯನ್ನು ಹೆಟ್‌ರಿಕ್ ಮತ್ತು ಗುಟ್ಟಾಗ್ 1924ರಲ್ಲಿ ಪ್ರಕಟಿಸಿದರು. ಅನಂತರ ಜಾರ್ಜ್ ಫುಲ್ಡ್ ಮತ್ತು ಮೆಲ್ವಿನ್ ಫುಲ್ಡ್ ಅವರು ದೇಶಾಭಿಮಾನದ ಬಿಲ್ಲೆಗಳನ್ನು ಕುರಿತು 1960ರಲ್ಲಿಯೂ ಅಂಗಡಿಯವರ ಬಿಲ್ಲೆಗಳನ್ನು ಕುರಿತು 1972ರಲ್ಲಿಯೂ ಹೊರತಂದ ಗ್ರಂಥಗಳು ಇಂದಿಗೂ ಆಧಾರವಾಗಿವೆ. 1967ರಲ್ಲಿ ಈ ಬಿಲ್ಲೆಗಳಿಗೆಂದೇ ಒಂದು ಸಂಘ ಸ್ಥಾಪನೆಯಾಗಿ, ಅದರ ನಿಯತಕಾಲಿಕೆಯಲ್ಲಿ ಊರೂರಿನ ವ್ಯಾಪಾರಿಗಳ ವಿವರಗಳು ಪ್ರಕಟವಾಗುತ್ತ ಬಂದಿವೆ. 2013ರಲ್ಲಿ ಕ್ಯೂ. ಡೇವಿಡ್ ಬೋವರ್ಸ್ ಅವರ ಕೈಪಿಡಿ ಬಂದಿತು.

ಫುಲ್ಡ್ ಅವರ ಪದ್ಧತಿ ಸರಳ. ಅಂಗಡಿಯ ಬಿಲ್ಲೆಗೆ ಮೊದಲು ರಾಜ್ಯದ ಸಂಕೇತ, ಬಳಿಕ ಊರಿನ ಸಂಖ್ಯೆ, ಬಳಿಕ ವ್ಯಾಪಾರಿಯ ಅಕ್ಷರ, ಕೊನೆಗೆ ಅಚ್ಚಿನ ಭೇದ. ನ್ಯೂಯಾರ್ಕ್ ನಗರಕ್ಕೆ 630, ಸಿನ್ಸಿನಾಟಿಗೆ 165. ದೇಶಾಭಿಮಾನದ ಬಿಲ್ಲೆಗಾದರೆ ಮುಂಬದಿಯ ಅಚ್ಚಿನ ಸಂಖ್ಯೆ ಮತ್ತು ಹಿಂಬದಿಯ ಅಚ್ಚಿನ ಸಂಖ್ಯೆಗಳ ಜೋಡಿ, ಉದಾಹರಣೆಗೆ 207/409. ಅದರ ಮುಂದೆ ಲೋಹವನ್ನು ಸೂಚಿಸುವ ಒಂದು ಅಕ್ಷರ. ಅಚ್ಚಿನ ಜಾಡು ಹಿಡಿದು ಹೋದರೆ ಒಬ್ಬ ಅಚ್ಚುಗಾರನ ಕೈ ಎಷ್ಟು ಊರುಗಳಲ್ಲಿ ಆಡಿದೆ ಎಂಬುದನ್ನು ಪತ್ತೆಹಚ್ಚಬಹುದು. ಯಾವ ಸರ್ಕಾರಿ ದಾಖಲೆಯಲ್ಲೂ ಸಿಗದ ಸಣ್ಣ ವ್ಯಾಪಾರಿಯೊಬ್ಬನ ಹೆಸರು, ಕಸುಬು, ಬೀದಿ, ಊರು ಈ ಸೂಚಿಗಳಲ್ಲಿ ಉಳಿದುಬಂದಿವೆ. ಈ ಕೆಲಸವನ್ನು ಮಾಡಿದವರಲ್ಲಿ ಬಹುಮಂದಿ ವಿಶ್ವವಿದ್ಯಾನಿಲಯದ ಹೊರಗಿನ ಹವ್ಯಾಸಿಗಳು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಜಾನಪದ ವಿದ್ವಾಂಸರಿಗೆ ಈ ಪದ್ಧತಿ ಅಪರಿಚಿತವಲ್ಲ. ಆಂಟಿ ಆರ್ನೆ 1910ರಲ್ಲಿ ಆರಂಭಿಸಿ, ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದ ಕಥಾವರ್ಗ ಸೂಚಿಯೂ ಇದೇ ಜಾತಿಯದು. ಪ್ರತಿ ಕಥೆಗೆ ಒಂದು ಸಂಖ್ಯೆ, ಪ್ರತಿ ಭೇದಕ್ಕೆ ಒಂದು ಉಪಸಂಖ್ಯೆ. ಅದರ ಉಪಯುಕ್ತತೆಯನ್ನು ಯಾರೂ ನಿರಾಕರಿಸಲಿಲ್ಲ. ಆದರೆ ಕಥೆ ಹೇಳಿದವರು ಯಾರು, ಕೇಳಿದವರು ಯಾರು, ಯಾವಾಗ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿರಲಿಲ್ಲ. ಅಲನ್ ಡಂಡೆಸ್ 1964ರಲ್ಲಿ ಒಡಲು, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳನ್ನು ಮುಂದಿಟ್ಟು, ಮೂರನ್ನೂ ದಾಖಲಿಸದ ಸಂಗ್ರಹ ಅಪೂರ್ಣವೆಂದು ವಾದಿಸಿದರು. ಇದೇ ಅಳತೆಗೋಲನ್ನು ಬಿಲ್ಲೆಯ ಸೂಚಿಗೆ ಹಿಡಿದರೆ ಲೋಹ, ತೂಕ, ಅಚ್ಚುಗಳ ಒಡಲಿಗೆ ಪೂರ್ಣ ಗಮನ ಸಂದಿದೆ. ಬರಹ ಮತ್ತು ಚಿತ್ರಗಳ ಪಠ್ಯಕ್ಕೆ ಸಾಕಷ್ಟು ಸಂದಿದೆ. ಯಾರ ಕೈಯಿಂದ ಯಾರ ಕೈಗೆ, ಎಷ್ಟು ದೂರ, ಎಷ್ಟು ಕಾಲ ನಡೆಯಿತು ಎಂಬ ಸಂದರ್ಭಕ್ಕೆ ಸೂಚಿಯಲ್ಲಿ ಒಂದು ಅಂಕಣವೂ ಇಲ್ಲ.

4. ವಿರಳತೆಯ ಮಾನದಂಡ

ಸಂದರ್ಭದ ಅಂಕಣ ಇರಬೇಕಾದ ಜಾಗದಲ್ಲಿ ಇರುವುದು ವಿರಳತೆಯ ಅಂಕಣ. ಫುಲ್ಡ್ ಶ್ರೇಣಿಯಲ್ಲಿ ಹತ್ತು ಮೆಟ್ಟಿಲುಗಳಿವೆ. 5,000ಕ್ಕಿಂತ ಹೆಚ್ಚು ಉಳಿದಿರುವ ಬಿಲ್ಲೆ ಮೊದಲನೆಯ ಮೆಟ್ಟಿಲಿನದು; 75ರಿಂದ 200 ಉಳಿದಿದ್ದರೆ ಐದನೆಯದು; ಒಂದೇ ಒಂದು ಉಳಿದಿದ್ದರೆ ಹತ್ತನೆಯದು. ಮೇಲೆ ಹೋದಂತೆ ಬೆಲೆಯೂ ಸಂಗ್ರಾಹಕನ ಗೌರವವೂ ಏರುತ್ತವೆ. ಇದು ಸಂಗ್ರಾಹಕರ ಮಾರುಕಟ್ಟೆಗೆ ಸಹಜವಾದ ಕ್ರಮ. ಆದರೆ ಸೂಚಿಯೇ ಸಂಶೋಧನೆಯ ಆಕರವಾದಾಗ ಈ ಕ್ರಮ ಸಾಂಸ್ಕೃತಿಕ ಮಹತ್ವದ ಕ್ರಮವೆಂಬ ಭ್ರಮೆ ಹುಟ್ಟಿಸುತ್ತದೆ.

ಹತ್ತನೆಯ ಮೆಟ್ಟಿಲಿನಲ್ಲಿ ಇರುವವು ಯಾವುವು? ಕೆಲವು ನಿಜಕ್ಕೂ ಸಣ್ಣ ಊರಿನ ಸಣ್ಣ ಅಂಗಡಿಯವು. ಸವೆದು, ಕರಗಿ, ಕಳೆದುಹೋದವುಗಳ ಅವಶೇಷ. ಆದರೆ ಗಣನೀಯ ಪ್ರಮಾಣದ ವಿರಳ ಬಿಲ್ಲೆಗಳು ಅಂಗಡಿಯ ಗಲ್ಲವನ್ನು ಕಂಡೇ ಇಲ್ಲ. ಯುದ್ಧ ನಡೆಯುತ್ತಿರುವಾಗಲೇ ಅಚ್ಚುಗಾರರಿಗೆ ಸಂಗ್ರಾಹಕರೆಂಬ ಹೊಸ ಗಿರಾಕಿಗಳು ಸಿಕ್ಕಿದ್ದರು. ಅವರಿಗಾಗಿ ತಾಮ್ರದ ಬದಲು ಬೆಳ್ಳಿ, ಹಿತ್ತಾಳೆ, ಬಿಳಿಲೋಹಗಳಲ್ಲಿ ಬಿಲ್ಲೆ ಹೊಡೆಯಲಾಯಿತು. ಒಬ್ಬ ವ್ಯಾಪಾರಿಯ ಮುಂಬದಿಗೆ ಸಂಬಂಧವೇ ಇಲ್ಲದ ಇನ್ನೊಂದು ಹಿಂಬದಿಯನ್ನು ಜೋಡಿಸಿ ಬೆರಕೆ ಅಚ್ಚಿನ ಬಿಲ್ಲೆಗಳನ್ನು ಮಾಡಲಾಯಿತು. ಹತ್ತು ಸಾವಿರದಷ್ಟು ಭೇದಗಳು ಎಂದು ಹೇಳುವಾಗ ಈ ಕೃತಕ ಭೇದಗಳೂ ಆ ಲೆಕ್ಕದಲ್ಲಿ ಸೇರಿರುತ್ತವೆ. ಸಂಗ್ರಹದ ಹಂಬಲವೇ ಸಂಗ್ರಹದ ವಸ್ತುವನ್ನು ಹುಟ್ಟಿಸಿದ ಪರಿ ಇದು. ಇದಕ್ಕಿಂತ ಎಪ್ಪತ್ತು ವರ್ಷ ಮೊದಲು ಇಂಗ್ಲೆಂಡಿನಲ್ಲೂ ಹೀಗೆಯೇ ಆಗಿತ್ತು. 1787ರಲ್ಲಿ ಪ್ಯಾರಿಸ್ ಗಣಿ ಕಂಪನಿಯ ತಾಮ್ರದ ಬಿಲ್ಲೆಗಳಿಂದ ಆರಂಭವಾದ ಪದ್ಧತಿ ಹತ್ತು ವರ್ಷದೊಳಗೆ ಸಂಗ್ರಾಹಕರ ಹುಚ್ಚಾಗಿ ಮಾರ್ಪಟ್ಟು, 1798ರ ಹೊತ್ತಿಗೆ ಜೇಮ್ಸ್ ಕಾಂಡರ್ ಅವರ ಸೂಚಿ ಬರುವಾಗ ಬೆರಕೆ ಅಚ್ಚುಗಳು ಧಾರಾಳವಾಗಿದ್ದವು.

ಇದಕ್ಕೆ ಎದುರಾಗಿ ಮೊದಲನೆಯ ಮೆಟ್ಟಿಲಿನ ಬಿಲ್ಲೆಯನ್ನು ನೋಡಬೇಕು. ಅಂಚು ಸವೆದು, ಅಕ್ಷರ ಮಾಸಿ, ಕಪ್ಪಾಗಿ ಕೂತಿರುವ ಈ ತುಂಡು ಸಂಗ್ರಾಹಕನಿಗೆ ‘ಕೀಳು ದರ್ಜೆ’. ಜಾನಪದ ವಿದ್ವಾಂಸನಿಗಾದರೋ ಆ ಸವೆತವೇ ಪ್ರಮುಖ ಸಾಕ್ಷ್ಯ. ನೂರಾರು ಬೆರಳುಗಳು ಅದನ್ನು ಒಪ್ಪಿ ತೆಗೆದುಕೊಂಡಿವೆ, ಒಪ್ಪಿಸಿ ಕೊಟ್ಟಿವೆ. ಕನ್ನಡದಲ್ಲಿ ‘ಸವಕಲು ನಾಣ್ಯ’ ಎಂಬುದನ್ನು ನಾವು ಹಳಸಿದ ಮಾತಿಗೆ ಹೋಲಿಕೆಯಾಗಿ ಬಳಸುತ್ತೇವೆ. ಎಲ್ಲರೂ ಬಳಸಿದ್ದರಿಂದಲೇ ಅದು ಸವಕಲಾಯಿತು ಎಂಬುದನ್ನು ಮರೆಯುತ್ತೇವೆ. ಒಟ್ಟಿನಲ್ಲಿ ವಿರಳತೆಯ ಶ್ರೇಣಿ ಮತ್ತು ಚಲಾವಣೆಯ ಶ್ರೇಣಿ ಬಹುಮಟ್ಟಿಗೆ ಪರಸ್ಪರ ವಿರುದ್ಧವಾದವು. ಒಂದರ ತುದಿ ಇನ್ನೊಂದರ ಬುಡ.

ಸೂಸನ್ ಸ್ಟೂವರ್ಟ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗ್ರಹವು ವಸ್ತುವಿನ ಮೂಲಚರಿತ್ರೆಯ ಜಾಗದಲ್ಲಿ ವರ್ಗೀಕರಣವನ್ನು ತಂದು ಕೂರಿಸುತ್ತದೆ ಎಂದು ಗುರುತಿಸಿದ್ದಾರೆ. ಈ ಮಾತು ಬಿಲ್ಲೆಗಳ ವಿಷಯದಲ್ಲಿ ಅಕ್ಷರಶಃ ನಿಜ. ಆದರೆ ವರ್ಗೀಕರಣವು ಚರಿತ್ರೆಯನ್ನು ಪೂರ್ತಿಯಾಗಿ ಅಳಿಸಿಹಾಕಲಾರದು ಎಂಬುದನ್ನೂ ಗಮನಿಸಬೇಕು. ಸೂಚಿಯನ್ನು ಬೇರೆ ಕ್ರಮದಲ್ಲಿ ಓದಿದರೆ ಆ ಚರಿತ್ರೆ ಮತ್ತೆ ಗೋಚರಿಸುತ್ತದೆ. ಮುಂದಿನ ಎರಡು ನಿದರ್ಶನಗಳು ಅಂಥ ಓದಿನ ಪ್ರಯತ್ನ.

5. ಮಾತು ನಡೆದ ದಾರಿ

ಈ ಕಾಲದ ಅನೇಕ ಬಿಲ್ಲೆಗಳ ಹಿಂಬದಿಯಲ್ಲಿ ದೊಡ್ಡಕ್ಷರಗಳಲ್ಲಿ ‘ಒಂದು ಸೆಂಟು’ ಎಂದಿರುತ್ತದೆ. ಅದರ ಮೇಲೆ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ‘ಅಲ್ಲ’ ಎಂಬ ಅರ್ಥದ ಪದ. ನೋಡುವ ಕಣ್ಣಿಗೆ ಸೆಂಟು, ಕೇಳುವ ಕಾನೂನಿಗೆ ಸೆಂಟಲ್ಲ. ಈ ಚಮತ್ಕಾರ 1863ರಲ್ಲಿ ಹುಟ್ಟಿದ್ದಲ್ಲ. 1798ರಲ್ಲಿ ಫ್ರಾನ್ಸಿನೊಡನೆ ಬಿಕ್ಕಟ್ಟು ತಲೆದೋರಿದಾಗ, ಜಾನ್ ಮಾರ್ಷಲ್ ಅವರ ಗೌರವಾರ್ಥ ನಡೆದ ಔತಣದಲ್ಲಿ ರಾಬರ್ಟ್ ಗುಡ್‌ಲೋ ಹಾರ್ಪರ್ ಅವರು, ರಕ್ಷಣೆಗಾದರೆ ಕೋಟಿ ಕೊಟ್ಟೇವು, ಕಪ್ಪಕಾಣಿಕೆಗಾದರೆ ಒಂದು ಸೆಂಟೂ ಇಲ್ಲ ಎಂಬರ್ಥದ ಮಾತನ್ನಾಡಿದರು. ಜನರ ಬಾಯಲ್ಲಿ ಆ ಮಾತು ಪಿಂಕ್ನಿ ಎಂಬ ರಾಯಭಾರಿಯದಾಯಿತು. 1837ರ ಆರ್ಥಿಕ ಕುಸಿತದಲ್ಲಿ ಚಿಲ್ಲರೆ ಮಾಯವಾದಾಗ ಹೊರಬಂದ ಬಿಲ್ಲೆಗಳು ಈ ನುಡಿಯನ್ನು ಎತ್ತಿಕೊಂಡವು: ನಡುವೆ ‘ಒಂದು ಸೆಂಟೂ ಇಲ್ಲ’, ಸುತ್ತ ಉಳಿದ ಮಾತು. ದೇಶಾಭಿಮಾನದ ನುಡಿಯೊಂದು ಖೋಟಾ ನಾಣ್ಯದ ಆಪಾದನೆಯಿಂದ ತಪ್ಪಿಸಿಕೊಳ್ಳುವ ಯುಕ್ತಿಯಾಯಿತು. 1863ರ ಒಂದು ಬಿಲ್ಲೆಯಲ್ಲಿ ಅದೇ ನುಡಿ ಮತ್ತೆ ತಿರುವು ಪಡೆದು, ಗುತ್ತಿಗೆದಾರರಿಗೆ ಕೋಟಿ ಕೋಟಿ, ವಿಧವೆಯರಿಗೆ ಒಂದು ಸೆಂಟೂ ಇಲ್ಲ ಎಂಬ ಕಟಕಿಯಾಗಿ ಮಾರ್ಪಟ್ಟಿದೆ. ಔತಣಕೂಟದ ವೀರವಾಣಿ ಅರವತ್ತೈದು ವರ್ಷಗಳಲ್ಲಿ ಸಿಪಾಯಿಯ ಹೆಂಡತಿಯ ದೂರಾಯಿತು. ಸೂತ್ರ ಹಾಗೆಯೇ ಇದೆ. ಅದರಲ್ಲಿ ಕೂರಿಸಿದ ಪದಗಳು ಬದಲಾಗಿವೆ. ಮೌಖಿಕ ಸೂತ್ರಗಳ ಕುರಿತು ನಾವು ಬಲ್ಲ ಸಂಗತಿಯೆಲ್ಲವೂ ಇಲ್ಲಿ ಲೋಹದ ಮೇಲೆ ನಡೆದಿದೆ.

ಇನ್ನೊಂದು ನುಡಿಯ ಗತಿಯೂ ಇಂಥದೇ. 1861ರ ಜನವರಿ 29ರಂದು ಖಜಾನೆಯ ಕಾರ್ಯದರ್ಶಿ ಜಾನ್ ಡಿಕ್ಸ್ ಅವರು ನ್ಯೂ ಆರ್ಲಿಯನ್ಸ್‌ಗೆ ಕಳುಹಿಸಿದ ತಂತಿ ಆಜ್ಞೆಯಲ್ಲಿ, ಅಮೆರಿಕದ ಧ್ವಜವನ್ನು ಇಳಿಸಲು ಯತ್ನಿಸಿದವನನ್ನು ಸ್ಥಳದಲ್ಲೇ ಗುಂಡಿಕ್ಕಬೇಕೆಂದಿತ್ತು. ಬಿಲ್ಲೆಯ ಮೇಲೆ ಧ್ವಜವನ್ನು ‘ಇಳಿಸುವವನು’ ‘ಹರಿದು ಕೆಡವುವವನು’ ಆಗಿದ್ದಾನೆ. ಅಧಿಕಾರಿಯ ಶಬ್ದ ಹೋಗಿ ಜನರ ಶಬ್ದ ಬಂದಿದೆ, ಕೋಪ ಏರಿದೆ. ಒಂದು ಅಚ್ಚಿನಲ್ಲಿಯಂತೂ ‘ಸ್ಪಾಟ್’ ಎಂಬುದು ‘ಸ್ಪೂಟ್’ ಆಗಿ ಕೆತ್ತಲ್ಪಟ್ಟಿದೆ. ಸಂಗ್ರಾಹಕರಿಗೆ ಇದು ಅತ್ಯಂತ ಪ್ರಿಯವಾದ ಅಚ್ಚಿನ ತಪ್ಪು. ಅದಕ್ಕಾಗಿ ಹೆಚ್ಚಿನ ಬೆಲೆ ತೆರುತ್ತಾರೆ. ‘ಇಳಿಸು’ ಎಂಬುದು ‘ಹರಿದು ಕೆಡವು’ ಆದ ಪಾಠಾಂತರವಾದರೋ ಸಾವಿರಾರು ಬಿಲ್ಲೆಗಳ ಮೇಲಿದ್ದರೂ ವಿರಳತೆಯ ಲೆಕ್ಕಕ್ಕೆ ಬರುವುದಿಲ್ಲ. ಕೈತಪ್ಪಿಗೆ ಬೆಲೆಯಿದೆ, ಜನರ ಪಾಠಾಂತರಕ್ಕಿಲ್ಲ. ಹಾಗೆಯೇ ಆಂಡ್ರ್ಯೂ ಜಾಕ್ಸನ್ 1830ರಲ್ಲಿ ಒಕ್ಕೂಟ ಉಳಿಯಬೇಕು ಎಂದು ಹೇಳಿದ ಮಾತು ಬಿಲ್ಲೆಗಳಲ್ಲಿ ‘ಉಳಿಯಬೇಕು, ಉಳಿದೇ ತೀರುತ್ತದೆ’ ಎಂದು ಬೆಳೆದಿದೆ.

ಈ ನುಡಿಗಳ ದಾರಿಯನ್ನು ಸೂಚಿಗಳಲ್ಲಿ ಹುಡುಕುವುದು ಕಷ್ಟ. 1837ರ ಬಿಲ್ಲೆಗಳು ಲೈಮನ್ ಲೋ ಅವರ ಪ್ರತ್ಯೇಕ ಸೂಚಿಗೆ ಸೇರಿವೆ. 1863ರವು ಫುಲ್ಡ್ ಅವರ ಸೂಚಿಗೆ. ಅಲ್ಲಿಯೂ ದೇಶಾಭಿಮಾನದವು ಒಂದು ಸಂಪುಟ, ಅಂಗಡಿಯವು ಇನ್ನೊಂದು. ಆದರೆ ಒಂದೇ ಹಿಂಬದಿಯ ಅಚ್ಚು ಇಂದು ಧ್ವಜದೊಂದಿಗೆ, ನಾಳೆ ಮಾಂಸದಂಗಡಿಯ ಹೆಸರಿನೊಂದಿಗೆ ಜೋಡಿಯಾಗುತ್ತಿತ್ತು. ಒಂದು ಬದಿಯಲ್ಲಿ ವ್ಯಾಪಾರ, ಇನ್ನೊಂದು ಬದಿಯಲ್ಲಿ ದೇಶ. ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದ ಗಿರಾಕಿಗೆ ಇವು ಬೇರೆಯಾಗಿರಲಿಲ್ಲ.

ಅಂಗಡಿಯ ಬಿಲ್ಲೆಗಳ ಪಠ್ಯದಲ್ಲಿ ವಲಸೆಗಾರರ ಲೋಕವೂ ತೆರೆದುಕೊಳ್ಳುತ್ತದೆ. ಜರ್ಮನ್ ಭಾಷೆಯ ಬರಹವಿರುವ ಬಿಯರ್ ಅಂಗಡಿಗಳ ಬಿಲ್ಲೆಗಳು ನ್ಯೂಯಾರ್ಕಿನಲ್ಲಿ ಹಲವು. ಬ್ರಾಡ್‌ವೇ ಬೀದಿಯ ಫೆಲಿಕ್ಸ್ ಎಂಬ ಊಟದ ಮನೆಯ ಬಿಲ್ಲೆಯಲ್ಲಿ, ಆಹಾರ ಯೆಹೂದಿ ವಿಧಿಗೆ ಒಪ್ಪುವಂಥದು ಎಂಬ ಸೂಚನೆ ಹೀಬ್ರೂ ಲಿಪಿಯಲ್ಲಿದೆ. ಈ ಲಿಪಿಯನ್ನು ಓದಲಾರದವರ ಕೈಯಲ್ಲೂ ಈ ಬಿಲ್ಲೆ ಸೆಂಟಾಗಿ ನಡೆದಿರಬೇಕು. ಓದಬಲ್ಲವನಿಗೆ ಅದು ವಿಳಾಸ, ಓದಲಾರದವನಿಗೆ ಅದು ಚಿಲ್ಲರೆ. ಒಂದೇ ವಸ್ತು ಎರಡು ಸಮುದಾಯಗಳಿಗೆ ಎರಡು ಅರ್ಥ ಕೊಡುವ ಇಂಥ ಸನ್ನಿವೇಶ ಸೂಚಿಯಲ್ಲಿ ‘ಭಾಷೆ: ಹೀಬ್ರೂ’ ಎಂಬ ಷರಾಗಿಂತ ಹೆಚ್ಚಿನ ಗಮನಕ್ಕೆ ಅರ್ಹವಾದುದು.

6. ಲಿಂಡನ್‌ಮುಲ್ಲರ್ ಐತಿಹ್ಯ

ಈ ಬಿಲ್ಲೆಗಳನ್ನು ಕುರಿತ ಬರಹಗಳಲ್ಲಿ ಒಂದು ಕಥೆ ತಪ್ಪದೆ ಬರುತ್ತದೆ. ನ್ಯೂಯಾರ್ಕಿನ ಸಾರಾಯಿ ಅಂಗಡಿಯ ಗುಸ್ತಾವಸ್ ಲಿಂಡನ್‌ಮುಲ್ಲರ್ ತನ್ನ ಗಡ್ಡದ ಮುಖವಿರುವ ಬಿಲ್ಲೆಗಳನ್ನು ಲಕ್ಷಗಟ್ಟಲೆ ಹೊರಡಿಸಿದ. ಥರ್ಡ್ ಅವೆನ್ಯೂವಿನ ಕುದುರೆ ಟ್ರಾಮಿನವರು ಪ್ರಯಾಣಿಕರಿಂದ ಅವನ್ನು ಸ್ವೀಕರಿಸಿ, ರಾಶಿ ಬಿದ್ದ ಮೇಲೆ ಬದಲಿ ಹಣ ಕೊಡೆಂದು ಅವನಲ್ಲಿಗೆ ಹೋದರು. ಆತ ನಕ್ಕು ಕಳುಹಿಸಿದ. ಟ್ರಾಮಿನವರಿಗೆ ಕಾನೂನಿನಲ್ಲಿ ದಾರಿಯಿರಲಿಲ್ಲ. ಇಂಥ ಪ್ರಸಂಗಗಳೇ ಸರ್ಕಾರದ ನಿಷೇಧಕ್ಕೆ ಕಾರಣವಾಗಿರಬೇಕು ಎಂಬ ಊಹೆಯೊಂದಿಗೆ ಕಥೆ ಮುಗಿಯುತ್ತದೆ.

ಈ ಕಥೆ ಸತ್ಯವೋ ಅಲ್ಲವೋ ಎಂಬ ಚರ್ಚೆಗಿಂತ ಅದರ ಕೆಲಸವೇನೆಂಬುದು ಮುಖ್ಯ. ಇದರ ರಚನೆ ಐತಿಹ್ಯದ್ದು: ಹೆಸರುಳ್ಳ ವ್ಯಕ್ತಿ, ಗುರುತಿಸಬಹುದಾದ ಬೀದಿ, ಒಂದೇ ಒಂದು ಘಟನೆ, ಅದರಿಂದ ಒಂದು ದೊಡ್ಡ ಪರಿಣಾಮ. ಒಂದು ಗ್ರಂಥದಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ ದಾಟಿಬಂದಿರುವುದು ಅದರ ಜನಪ್ರಿಯತೆಗೆ ಸಾಕ್ಷಿ. ಕಥೆಯ ಅಂತರಾರ್ಥವೂ ಸ್ಪಷ್ಟ: ಖಾಸಗಿ ಮಾತಿಗೆ ಬೆಲೆಯಿಲ್ಲ, ಪ್ರಭುತ್ವದ ಮುದ್ರೆಯೇ ಗತಿ. ಆದರೆ ಕಥೆಯೊಳಗಿನ ಇನ್ನೊಂದು ಸಂಗತಿಯನ್ನು ಹೇಳುವವರು ಗಮನಿಸುವುದಿಲ್ಲ. ರಾಶಿ ಬೀಳುವಷ್ಟು ಬಿಲ್ಲೆಗಳನ್ನು ಟ್ರಾಮಿನವರು ತೆಗೆದುಕೊಂಡದ್ದೇಕೆ? ಆ ಬಿಲ್ಲೆಗಳು ಅಷ್ಟು ದಿನವೂ ನಡೆಯುತ್ತಿದ್ದವು ಎಂಬುದಷ್ಟೇ ಅದಕ್ಕೆ ಉತ್ತರ. ಹೊರಡಿಸಿದವನ ಮಾತಿನ ಮೇಲೆ ಬಿಲ್ಲೆ ನಿಂತಿರಲಿಲ್ಲ. ಮುಂದಿನವನು ತೆಗೆದುಕೊಳ್ಳುತ್ತಾನೆ ಎಂಬ ಪ್ರತಿಯೊಬ್ಬರ ನಿರೀಕ್ಷೆಯ ಮೇಲೆ ನಿಂತಿತ್ತು. ಅನೇಕ ಬಿಲ್ಲೆಗಳಲ್ಲಿ ಬದಲಿ ಹಣದ ಭರವಸೆಯೇ ಇರಲಿಲ್ಲ. ಆದರೂ ಅವು ನಡೆದವು. ಲಿಂಡನ್‌ಮುಲ್ಲರ್ ಐತಿಹ್ಯವು ನಂಬಿಕೆದ್ರೋಹದ ಕಥೆಯೆಂದು ಹೇಳಲ್ಪಡುತ್ತಿದ್ದರೂ ಅದರ ತಳದಲ್ಲಿರುವುದು ನಂಬಿಕೆಯ ಕಥೆ. ಸಾವಿರಕ್ಕೂ ಹೆಚ್ಚು ವ್ಯಾಪಾರಿಗಳಲ್ಲಿ ನಕ್ಕವನೊಬ್ಬನ ಹೆಸರು ಐತಿಹ್ಯವಾಯಿತು. ಬದಲಿ ಕೊಟ್ಟವರ ಹೆಸರು ಸೂಚಿಯ ಸಂಖ್ಯೆಯಾಗಿ ಉಳಿಯಿತು.

7. ತೌಲನಿಕ ನೋಟ

ಜರ್ಮನಿಯಲ್ಲಿ 1914ರಿಂದ 1923ರವರೆಗೆ ಊರುಗಳೂ ಕಾರ್ಖಾನೆಗಳೂ ಹೊರಡಿಸಿದ ‘ನೋಟ್‌ಗೆಲ್ಡ್’ ಎಂಬ ತುರ್ತುಹಣದ ಚರಿತ್ರೆ ಈ ವಾದವನ್ನು ಬೇರೊಂದು ದಿಕ್ಕಿನಿಂದ ಪುಷ್ಟೀಕರಿಸುತ್ತದೆ. ಯುದ್ಧ ಮುಗಿದ ಮೇಲೆ, ವಿಶೇಷವಾಗಿ 1921–22ರಲ್ಲಿ, ಬಣ್ಣಬಣ್ಣದ ಸರಣಿ ನೋಟುಗಳು ಬಹುಮಟ್ಟಿಗೆ ಸಂಗ್ರಾಹಕರಿಗಾಗಿಯೇ ಅಚ್ಚಾದವು. ಹ್ಯಾಮಲಿನ್ ಊರಿನವರು ತಮ್ಮ ಕಿಂದರಿಜೋಗಿಯನ್ನೇ ನೋಟಿಗೆ ಏರಿಸಿದರು. ಊರಿನ ಐತಿಹ್ಯ ಹಣದ ಮೇಲೆ ಚಿತ್ರವಾಗಿ ಬಂದದ್ದು ಜಾನಪದ ವಿದ್ವಾಂಸರಿಗೆ ಆಕರ್ಷಕವೆನಿಸಬಹುದು. ಆದರೆ ಚಲಾವಣೆಗಲ್ಲದೆ ಆಲ್ಬಮ್ಮಿಗಾಗಿ ಹುಟ್ಟಿದ ಜಾನಪದ ಅದು ಎಂಬ ಎಚ್ಚರವೂ ಇರಬೇಕು.

ಭಾರತದ ಸಂದರ್ಭದಲ್ಲಿ ಎರಡನೆಯ ಮಹಾಯುದ್ಧ ಇಂಥದೇ ಸ್ಥಿತಿಯನ್ನು ತಂದೊಡ್ಡಿತು. 1940ರಲ್ಲಿ ನಾಣ್ಯ ಕೂಡಿಡುವುದು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಅಪರಾಧವಾಯಿತು. ಒಂದು ರೂಪಾಯಿಯ ಕಾಗದದ ನೋಟು ಚಲಾವಣೆಗೆ ಬಂದಿತು. ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. ಬೂಂದಿ, ಜುನಾಗಢ, ಮೋರ್ವಿ ಮೊದಲಾದ ಸಂಸ್ಥಾನಗಳು ರಟ್ಟಿನ ನಗದು ಕೂಪನ್‌ಗಳನ್ನು ಹೊರಡಿಸಿದವು. 1943ರಲ್ಲಿ ಲೋಹ ಉಳಿಸಲು ನಡುವೆ ತೂತಿರುವ ಒಂದು ಪೈಸೆ ಬಂದಿತು. ಕನ್ನಡನಾಡಿನ ಹಿರಿಯರ ನೆನಪಿನಲ್ಲಿ ಅದು ‘ತೂತು ಕಾಸು’. ಈ ರಟ್ಟಿನ ಕೂಪನ್ನುಗಳಿಗೂ ಸೂಚಿಗಳಿವೆ, ಹರಾಜುಗಳಿವೆ, ವಿರಳತೆಯ ಲೆಕ್ಕವಿದೆ. ಅವನ್ನು ಕೊಟ್ಟು ಉಪ್ಪು ಕೊಂಡವರ ಮಾತುಗಳಿಗೆ ಮಾತ್ರ ಅಲ್ಲಿ ಜಾಗ ದೊರೆತಿಲ್ಲ.

ಅಮೆರಿಕದ 1863ರ ಗಿರಾಕಿಯನ್ನು ಮಾತನಾಡಿಸಲು ಯಾರಿಗೂ ಸಾಧ್ಯವಿಲ್ಲ. 1943ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿದ್ದಾರೆ. ಚಿಲ್ಲರೆಯಿಲ್ಲದ ದಿನಗಳಲ್ಲಿ ಅಂಗಡಿಯವರು ಏನು ಕೊಡುತ್ತಿದ್ದರು, ಸಂತೆಯಲ್ಲಿ ಲೆಕ್ಕ ಹೇಗೆ ನಡೆಯುತ್ತಿತ್ತು, ಯಾರ ಬಾಯಿಮಾತು ಎಷ್ಟು ದೂರ ಓಡುತ್ತಿತ್ತು ಎಂಬುದನ್ನು ದಾಖಲಿಸಲು ಉಳಿದಿರುವ ಕಾಲ ಬಹಳ ಕಡಿಮೆ. ವಸ್ತು ಕಾಯುತ್ತದೆ, ವಕ್ತೃ ಕಾಯುವುದಿಲ್ಲ.

ಇಂಥ ಏರ್ಪಾಡು ಯುದ್ಧಕಾಲಕ್ಕೆ ಮಾತ್ರ ಸೀಮಿತವೂ ಅಲ್ಲ. ಚಿಲ್ಲರೆಯಿಲ್ಲದಾಗ ಅಂಗಡಿಯವರು ಪೆಪ್ಪರ್‌ಮಿಂಟು, ಚಾಕೊಲೇಟು ಕೊಡುವುದು, ಬಸ್ಸಿನ ನಿರ್ವಾಹಕ ಬಾಕಿ ಹಣವನ್ನು ಟಿಕೇಟಿನ ಬೆನ್ನಿಗೆ ಬರೆದುಕೊಡುವುದು ನಮ್ಮ ನಗರಗಳ ಪರಿಚಿತ ಪದ್ಧತಿಗಳು. ಟಿಕೇಟಿನ ಬೆನ್ನಿನ ಆ ಅಂಕಿ ಮುದ್ರೆಯಿಲ್ಲದ, ಸಹಿಯೂ ಇಲ್ಲದ ಒಂದು ಸಾಲಪತ್ರ. ಪ್ರಯಾಣ ಮುಗಿಯುವವರೆಗೆ ಮಾತ್ರ ಅದರ ಆಯುಷ್ಯ. ಅದನ್ನು ಯಾರೂ ಸಂಗ್ರಹಿಸುವುದಿಲ್ಲ. ಮೊಬೈಲ್ ಪಾವತಿ ಹರಡಿದಂತೆ ಈ ಪದ್ಧತಿಗಳು ತೆರೆಮರೆಗೆ ಸರಿಯುತ್ತಿವೆ.

8. ಸಮಾರೋಪ

ಈ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು.

ಮೊದಲನೆಯದಾಗಿ, ವ್ಯಾಪಾರಿ ಬಿಲ್ಲೆಯ ಸೂಚಿಗಳನ್ನು ಸಾಂಸ್ಕೃತಿಕ ಅಧ್ಯಯನಕ್ಕೆ ಬಳಸುವವರು ಚಲಾವಣೆಗೆ ಬಂದ ಬಿಲ್ಲೆಗಳನ್ನೂ ಸಂಗ್ರಾಹಕರಿಗಾಗಿ ಹೊಡೆದವುಗಳನ್ನೂ ಬೇರ್ಪಡಿಸಿಕೊಳ್ಳಬೇಕು. ಭೇದಗಳ ಸಂಖ್ಯೆಯಿಂದ ಬಳಕೆಯ ವ್ಯಾಪ್ತಿಯನ್ನು ಊಹಿಸುವುದು ಅಪಾಯಕಾರಿ. ಎರಡನೆಯದಾಗಿ, ಸವೆತವನ್ನು ದೋಷವೆಂದು ಗಣಿಸದೆ ಮಾಹಿತಿಯೆಂದು ದಾಖಲಿಸಬೇಕು. ಹೊಳಪಿಗಾಗಿ ಬಿಲ್ಲೆಯನ್ನು ಉಜ್ಜುವುದು ಪಠ್ಯವೊಂದರ ಪುಟ ಹರಿದಂತೆ. ಮೂರನೆಯದಾಗಿ, ಎಲ್ಲಿ, ಯಾವುದರ ಜೊತೆಗೆ ದೊರೆಯಿತು ಎಂಬ ವಿವರ ಪ್ರತಿ ವಸ್ತುವಿಗೂ ಅಗತ್ಯ. ಮಡಕೆಯಲ್ಲಿ ಸೇರಿಕೊಂಡು ಸಿಕ್ಕ ಹತ್ತು ಸಾಮಾನ್ಯ ಬಿಲ್ಲೆಗಳು ಹರಾಜಿನಲ್ಲಿ ಕೊಂಡ ಒಂದು ವಿರಳ ಬಿಲ್ಲೆಗಿಂತ ಹೆಚ್ಚು ಹೇಳುತ್ತವೆ. ನಾಲ್ಕನೆಯದಾಗಿ, ಬಿಲ್ಲೆಯ ಮೇಲಿನ ನುಡಿಗಳಿಗೆ ಕಾಲ ಮತ್ತು ಪ್ರಕಾರಗಳ ಗಡಿ ಮೀರಿದ ಸೂತ್ರಸೂಚಿಯೊಂದು ಬೇಕು.

ಈ ಮಾತುಗಳು ಅಮೆರಿಕದ ಸಂಗ್ರಾಹಕರಿಗಷ್ಟೇ ಹೇಳುವಂಥವಲ್ಲ. ಕರ್ನಾಟಕದಲ್ಲಿ ಜಾನಪದ ವಸ್ತುಸಂಗ್ರಹಾಲಯಗಳನ್ನು ಕಟ್ಟಿದ ಹಿರಿಯರು ಊರೂರು ಅಲೆದು ಒರಳು, ಬಳ್ಳ, ಸೇರು, ಪಾವುಗಳನ್ನು ತಂದು ಉಳಿಸಿದರು. ಆ ಶ್ರಮದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಆದರೆ ಇಂದು ‘ಸೇರು, ಹಿತ್ತಾಳೆ’ ಎಂಬ ಚೀಟಿಯಷ್ಟೇ ಇರುವ ವಸ್ತುವಿನ ಮುಂದೆ ನಿಂತ ವಿದ್ಯಾರ್ಥಿಗೆ ಆ ಸೇರಿನಿಂದ ಅಳೆದವರು ತುಂಬಿ ಅಳೆದರೋ, ತಲೆ ಸವರಿ ಅಳೆದರೋ ಎಂಬುದು ತಿಳಿಯುವುದಿಲ್ಲ. ಸೇರಿನ ಚರಿತ್ರೆ ಇರುವುದು ಆ ಕೈಯಲ್ಲಿ. ಅಲಂಕಾರದ ಅಪರೂಪದ ವಸ್ತು ಗಾಜಿನ ಪೆಟ್ಟಿಗೆಗೆ, ದಿನಬಳಕೆಯ ಸವೆದ ವಸ್ತು ಉಗ್ರಾಣಕ್ಕೆ ಎಂಬ ಕ್ರಮವನ್ನು ನಾವು ಪಾಲಿಸುವುದಾದರೆ, ವಿರಳತೆಯ ಶ್ರೇಣಿಯನ್ನು ಹೆಸರಿಡದೆಯೇ ಒಪ್ಪಿಕೊಂಡಂತೆ.

ಅಮೆರಿಕದ ಟಂಕಸಾಲೆ 2025ರಲ್ಲಿ ಚಲಾವಣೆಗಾಗಿ ಸೆಂಟು ಹೊಡೆಯುವುದನ್ನು ನಿಲ್ಲಿಸಿತು. ಯಾವ ಪುಟ್ಟ ನಾಣ್ಯದ ಕೊರತೆಯಿಂದ 1862ರಲ್ಲಿ ಅಂಗಡಿಗಳು ತತ್ತರಿಸಿದವೋ ಅದೇ ನಾಣ್ಯ ಪ್ರಭುತ್ವಕ್ಕೆ ಬೇಡವಾಯಿತು. ಇನ್ನು ಮುಂದೆ ಅದೂ ಸಂಗ್ರಾಹಕರ ಪಾಲಿಗೆ ಹೆಚ್ಚು ಹೆಚ್ಚಾಗಿ ಸೇರುತ್ತ ಹೋಗುತ್ತದೆ. ಅದಕ್ಕೆ ಹತ್ತು ಮೆಟ್ಟಿಲಿನ ಶ್ರೇಣಿಯೊಂದು ಬಂದರೆ ಅಚ್ಚರಿಯಿಲ್ಲ. ಅದರ ಜೊತೆಗೆ, ಕೊನೆಯ ಬಾರಿ ಅದನ್ನು ಯಾರು ಯಾರಿಗೆ ಯಾವುದಕ್ಕಾಗಿ ಕೊಟ್ಟರು ಎಂಬುದನ್ನು ಬರೆದಿಡುವ ಕೆಲಸವನ್ನೂ ಯಾರಾದರೂ ಕೈಗೊಳ್ಳಬೇಕು. ನಮ್ಮಲ್ಲಿ ತೂತು ಕಾಸಿನ ವಿಷಯದಲ್ಲಿ ಆ ಕೆಲಸ ಇನ್ನೂ ಬಾಕಿಯಿದೆ.